ಷೂವಿನ ಮೇಲೊಂದು ಸಹಿ: ಚಕ್ ಟೇಲರನ ಬಾಳು

ಗ್ರಂಥ ಬರೆದು ಹೆಸರುಳಿಸಿದವರುಂಟು. ಕೆರೆ ಕಟ್ಟಿಸಿ, ಗುಡಿ ಕಟ್ಟಿಸಿ, ರಣರಂಗದಲ್ಲಿ ಮಡಿದು ಹೆಸರುಳಿಸಿದವರುಂಟು. ಕಾಲಿಗೆ ತೊಡುವ ಬಟ್ಟೆಯ ಷೂವಿನಿಂದ ಹೆಸರುಳಿಸಿಕೊಂಡವನು ಅಮೆರಿಕದ ಚಕ್ ಟೇಲರ್. ಅವನ ಸಹಿಯನ್ನು ಕಂಡವರು ಲೋಕದಲ್ಲಿ ಕೋಟಿಗಟ್ಟಲೆ ಜನ. ಅವನು ಯಾರೆಂದು ಬಲ್ಲವರು ಬಹು ಕಡಮೆ. ಕುಂದಾಣದ ಕಡೆಯಿಂದ ದೇವನಹಳ್ಳಿಗೆ ಓದಲು ಬರುವ ಹುಡುಗರಲ್ಲಿ ಕೆಲವರು ಕಾಲ ಹರಡಿನ ಬಳಿ ನೀಲಿ ನಕ್ಷತ್ರವುಳ್ಳ ಷೂ ತೊಟ್ಟಿರುತ್ತಾರೆ. ಅದು ಅಸಲಿಯೋ ನಕಲಿಯೋ, ಆ ಮಾತು ಬೇರೆ. ನಕ್ಷತ್ರದ ಸುತ್ತ ಬರೆದಿರುವ ಹೆಸರು ಒಬ್ಬ ಮನುಷ್ಯನದೆಂದು ಹೇಳಿದರೆ ಅವರಿಗೆ ಆಶ್ಚರ್ಯವಾಗುತ್ತದೆ.

ಇಂದು ಷೂ ತಯಾರಕರು ಆಟಗಾರನೊಡನೆಯೋ ಕಲಾವಿದನೊಡನೆಯೋ ಕೂಡಿ ಹೊಸ ಮಾದರಿಯೊಂದನ್ನು ರೂಪಿಸುತ್ತಾರೆ. ಎಣಿಕೆಯಷ್ಟು ಜೋಡಿಗಳನ್ನು ಮಾತ್ರ ಮಾರುಕಟ್ಟೆಗೆ ಬಿಡುತ್ತಾರೆ. ಅದಕ್ಕಾಗಿ ಜನ ಇರುಳೆಲ್ಲ ಸಾಲುಗಟ್ಟಿ ನಿಲ್ಲುವುದುಂಟು. ಆ ಪದ್ಧತಿಯ ಮೂಲಪುರುಷರಲ್ಲಿ ಟೇಲರನೂ ಒಬ್ಬ. ಆದರೆ ಅವನ ಕಾಲದಲ್ಲಿ ಎಣಿಕೆಯೂ ಇರಲಿಲ್ಲ, ಸಾಲೂ ಇರಲಿಲ್ಲ. ಊರೂರು ಅಲೆದು ಮಾರುವ ಕಷ್ಟವಿತ್ತು, ಅಷ್ಟೆ.

ಚಾರ್ಲ್ಸ್ ಹಾಲಿಸ್ ಟೇಲರ್ ಹುಟ್ಟಿದುದು 1901ರ ಜೂನ್ 24ರಂದು, ಇಂಡಿಯಾನಾ ಸಂಸ್ಥಾನದ ಗ್ರಾಮಾಂತರದಲ್ಲಿ. ಅವನು ಹುಟ್ಟುವುದಕ್ಕೆ ಹತ್ತು ವರ್ಷವೂ ತುಂಬದಷ್ಟು ಹಿಂದೆ, 1891ರ ಡಿಸೆಂಬರಿನಲ್ಲಿ, ಸ್ಪ್ರಿಂಗ್‌ಫೀಲ್ಡಿನ ಕ್ರೈಸ್ತ ಯುವಕರ ಸಂಘದ ಶಾಲೆಯಲ್ಲಿ ಜೇಮ್ಸ್ ನೈಸ್ಮಿತ್ ಎಂಬ ಉಪಾಧ್ಯಾಯ ಬಾಸ್ಕೆಟ್‌ಬಾಲ್ ಆಟವನ್ನು ಕಲ್ಪಿಸಿದ್ದ. ಚಳಿಗಾಲದಲ್ಲಿ ಹೊರಗೆ ಆಡಲಾರದ ಹುಡುಗರಿಗೆ ಒಳಾಂಗಣದಲ್ಲೊಂದು ಆಟ ಬೇಕಾಗಿತ್ತು. ಅದೇ ಸಂಘದ ಮೂಲಕ ಆಟ ನಮ್ಮ ದೇಶಕ್ಕೂ ಬಂತು. 1920ರಲ್ಲಿ ಹ್ಯಾರಿ ಕ್ರೋ ಬಕ್ ಮದರಾಸಿನಲ್ಲಿ ವ್ಯಾಯಾಮ ಶಿಕ್ಷಣದ ಕಾಲೇಜನ್ನು ತೆರೆದುದು ಈ ಪರಂಪರೆಯಲ್ಲಿಯೇ. ಇಂಡಿಯಾನಾದಲ್ಲಂತೂ ಆಟ ಹಳ್ಳಿಹಳ್ಳಿಯ ಹುಚ್ಚಾಯಿತು. ಟೇಲರ್ ಕೊಲಂಬಸ್ ಊರಿನ ಪ್ರೌಢಶಾಲೆಯ ತಂಡದ ನಾಯಕನಾದ. 1919ರ ಸುಮಾರಿಗೆ ಓದು ಮುಗಿಸಿ, ಹಣ ಕೊಡುವ ತಂಡಗಳಲ್ಲಿ ಆಡತೊಡಗಿದ. ಒಳ್ಳೆಯ ಆಟಗಾರನೇ ಸರಿ, ಯುಗಪುರುಷನಲ್ಲ.

ಇತ್ತ ಮ್ಯಾಸಚೂಸೆಟ್ಸಿನ ಮಾಲ್ಡೆನ್ನಿನಲ್ಲಿ ಮಾರ್ಕ್ವಿಸ್ ಮಿಲ್ಸ್ ಕಾನ್ವರ್ಸ್ ಎಂಬಾತ 1908ರಲ್ಲಿ ರಬ್ಬರಿನ ಕಾರ್ಖಾನೆ ಸ್ಥಾಪಿಸಿದ್ದ. ಮಳೆ ಹಿಮಗಳಲ್ಲಿ ಬೂಟಿನ ಮೇಲೆ ತೊಡುವ ರಬ್ಬರ್ ಕವಚ ಅವನ ಸರಕು. ಅದರ ಬೇಡಿಕೆ ಋತುವಿಗೆ ಕಟ್ಟುಬಿದ್ದದ್ದು. ವರ್ಷವೆಲ್ಲ ಕೆಲಸ ನಡೆಯಬೇಕಾದರೆ ಬೇರೆ ಸರಕು ಬೇಕು. ಕ್ಯಾನ್ವಾಸ್ ಬಟ್ಟೆಗೆ ರಬ್ಬರ್ ಅಟ್ಟೆ ಕೂಡಿಸಿ, ಜಾರದೆ ನಿಲ್ಲುವ, ಕಾಲ ಹರಡನ್ನು ಮುಚ್ಚುವ ಆಟದ ಷೂವನ್ನು ಅವನು 1917ರಲ್ಲಿ ಹೊರತಂದ. ಮುಂದೆ ‘ಆಲ್ ಸ್ಟಾರ್’ ಎಂದು ಹೆಸರಾದುದು ಅದೇ.

1920ರ ದಶಕದ ಆರಂಭದಲ್ಲಿ ಟೇಲರ್ ಈ ಕಂಪನಿಯ ಷಿಕಾಗೋ ಕಚೇರಿಯಲ್ಲಿ ಮಾರಾಟಗಾರನಾಗಿ ಸೇರಿದ. ಕಾಲು ನೋವೆಂದು ದೂರು ಹೇಳಲು ಹೋದವನು ನೌಕರಿ ಹಿಡಿದು ಹಿಂದಿರುಗಿದನೆಂಬ ಕತೆಯಿದೆ. ಕತೆ ಸೊಗಸಾಗಿದೆ, ಇಂಥ ಕತೆಗಳನ್ನು ಕಟ್ಟುವುದರಲ್ಲಿ ಮಾರಾಟಗಾರರು ಪುರಾಣಿಕರಿಗೆ ಕಡಮೆಯವರಲ್ಲ.

ಅವನ ನಿಜವಾದ ಪ್ರತಿಭೆ ಇದ್ದುದು ತಿರುಗಾಟದಲ್ಲಿ. ಕಾರಿನ ಹಿಂಬದಿಯಲ್ಲಿ ಷೂಗಳನ್ನು ತುಂಬಿಕೊಂಡು, ವರ್ಷದ ಬಹುಭಾಗ ಹೋಟೆಲುಗಳಲ್ಲಿ ಮಲಗಿ, ಅವನು ಸಣ್ಣ ಊರುಗಳನ್ನು ಸುತ್ತಿದ. ಊರು ಹೊಕ್ಕವನು ಮೊದಲು ಅಂಗಡಿಗೆ ಹೋಗುತ್ತಿರಲಿಲ್ಲ, ಶಾಲೆಗೆ ಹೋಗುತ್ತಿದ್ದ. ತರಬೇತುದಾರನ ಸ್ನೇಹ ಸಂಪಾದಿಸಿ, ಹುಡುಗರನ್ನು ಸೇರಿಸಿ, ಚೆಂಡು ದಾಟಿಸುವ, ಬುಟ್ಟಿಗೆ ಎಸೆಯುವ ಮೂಲ ಪಾಠಗಳನ್ನು ತಾನೇ ಆಡಿ ತೋರಿಸುತ್ತಿದ್ದ. ಪಾಠ ಮುಗಿದ ಮೇಲೆ ಷೂವಿನ ಮಾತು. ಕೊಳ್ಳುವವರನ್ನು ಆ ಊರಿನ ಅಂಗಡಿಗೇ ಕಳುಹುತ್ತಿದ್ದನಾಗಿ ವರ್ತಕರಿಗೂ ಅವನು ಬೇಕಾದವನಾದ. ಎಲ್ಲಿ ತರಬೇತುದಾರನ ಹುದ್ದೆ ಖಾಲಿಯಿದೆ, ಯಾರಿಗೆ ಕೆಲಸ ಬೇಕು ಎಂಬುದೆಲ್ಲ ಅವನಿಗೆ ಗೊತ್ತು. ಹಾಗೆ ಕೆಲಸ ದೊರೆತವನು ಬೇರೆ ಷೂ ಕೊಂಡಾನೆ?

ಆಟಗಾರರಿಂದ ಕೇಳಿದುದನ್ನು ಅವನು ಕಾರ್ಖಾನೆಗೆ ಮುಟ್ಟಿಸುತ್ತಿದ್ದ. ಷೂ ಇನ್ನಷ್ಟು ಮೆತುವಾಗಿ ಬಾಗಬೇಕು, ಹರಡಿಗೆ ಆಸರೆ ಹೆಚ್ಚಬೇಕು ಎಂಬ ಅವನ ಸಲಹೆಗಳಂತೆ ಮಾದರಿ ತಿದ್ದುಪಡಿಯಾಯಿತು. 1930ರ ದಶಕದಲ್ಲಿ ಕಂಪನಿ ಅವನ ಸಹಿಯನ್ನು ನಕ್ಷತ್ರದ ಪಟ್ಟಿಯ ಮೇಲೆ ಅಚ್ಚೊತ್ತಿತು. ಆದರೆ ಜೋಡಿಗೆ ಇಷ್ಟೆಂಬ ಪಾಲು ಅವನಿಗೆ ದೊರೆಯಲಿಲ್ಲ. ಸಂಬಳ, ಪ್ರವಾಸದ ಖರ್ಚು, ಇಷ್ಟೇ. ಲಕ್ಷಾಂತರ ಜೋಡಿಗಳ ಮೇಲೆ ತನ್ನ ಹೆಸರನ್ನು ಕಂಡ ಮನುಷ್ಯ ಕೊನೆಯವರೆಗೆ ಸಂಬಳದವನಾಗಿಯೇ ಉಳಿದ. ಇದನ್ನು ಅನ್ಯಾಯವೆಂದು ನಾವು ಇಂದು ಹೇಳಬಹುದು. ಖರ್ಚಿನ ಹಣದಲ್ಲಿ ಅವನು ಧಾರಾಳಿಯಾಗಿದ್ದನೆಂಬುದನ್ನೂ ಮರೆಯಬಾರದು.

ಪಾದರಕ್ಷೆಯೊಡನೆ ಒಂದು ಹೆಸರು ಅಂಟಿಕೊಳ್ಳುವುದು ಕನ್ನಡಿಗರಿಗೆ ಹೊಸತಲ್ಲ. ಕಲ್ಯಾಣದ ಶರಣ ಹರಳಯ್ಯ ದಂಪತಿಗಳು ತಮ್ಮ ತೊಡೆಯ ಚರ್ಮದಿಂದ ಬಸವಣ್ಣನವರಿಗೆ ಮೆಟ್ಟು ಮಾಡಿಕೊಟ್ಟ ಕಥೆಯನ್ನು ಬಲ್ಲವರಿಗೆ, ಲೋಕಕ್ಕೆ ಒಂದೇ ಜೋಡಿ ಎಂಬ ಮಾತಿನ ತೂಕ ಎಷ್ಟೆಂದು ವಿವರಿಸಬೇಕಾಗಿಲ್ಲ. ಅಲ್ಲಿ ಮಾಡಿದವನ ಹೆಸರು ನಿಂತಿತು. ಟೇಲರನ ಷೂವಿನಲ್ಲಿ ಹೊಲಿದವರ ಹೆಸರಿಲ್ಲ, ಮಾರಿದವನ ಹೆಸರಿದೆ.

1936ರ ಬರ್ಲಿನ್ ಒಲಿಂಪಿಕ್ಸಿನಲ್ಲಿ ಬಾಸ್ಕೆಟ್‌ಬಾಲ್ ಮೊದಲಬಾರಿಗೆ ಪದಕದ ಆಟವಾಯಿತು. ಮಳೆಯಿಂದ ಕೆಸರಾದ ಬಯಲಿನಲ್ಲಿ ಅಮೆರಿಕ ಕೆನಡಾವನ್ನು 19–8ರಿಂದ ಸೋಲಿಸಿತು. ಗೆದ್ದವರು ತೊಟ್ಟಿದ್ದುದು ಆಲ್ ಸ್ಟಾರ್. ಎರಡನೆಯ ಮಹಾಯುದ್ಧದ ಕಾಲದಲ್ಲಿ ಟೇಲರ್ ವಾಯುನೆಲೆಯೊಂದರ ತಂಡಕ್ಕೆ ತರಬೇತಿ ಕೊಟ್ಟ. ಅವನ ಷೂ ಸೈನಿಕರ ವ್ಯಾಯಾಮಕ್ಕೂ ಹೋಯಿತು. 1962ರ ಮಾರ್ಚ್ 2ರಂದು ವಿಲ್ಟ್ ಚೇಂಬರ್ಲೇನ್ ಒಂದೇ ಪಂದ್ಯದಲ್ಲಿ ನೂರು ಅಂಕ ಗಳಿಸಿದಾಗಲೂ ಕಾಲಲ್ಲಿದ್ದುದು ಅದೇ.

ಹೆಸರು ಬೆಳೆದಂತೆ ಕತೆಯೂ ಬೆಳೆಯಿತು. ನ್ಯೂಯಾರ್ಕಿನ ಪ್ರಸಿದ್ಧ ಸೆಲ್ಟಿಕ್ಸ್ ತಂಡದಲ್ಲಿ ಅವನು ಮೆರೆದನೆಂದು ಪ್ರಚಾರಪತ್ರಗಳು ಸಾರಿದವು. ಏಬ್ರಹಾಂ ಆಮಿಡಾರ್ 2006ರಲ್ಲಿ ಪ್ರಕಟಿಸಿದ ಜೀವನಚರಿತ್ರೆಗಾಗಿ ಹಳೆಯ ಪತ್ರಿಕೆಗಳನ್ನು ಶೋಧಿಸಿದಾಗ ಆ ಮಾತಿಗೆ ಆಧಾರ ದೊರೆಯಲಿಲ್ಲ. ನನಗಂತೂ ಇದರಿಂದ ಟೇಲರ್ ಚಿಕ್ಕವನಾಗಿ ಕಾಣುವುದಿಲ್ಲ. ಅವನು ಆಡಿದ ಪಂದ್ಯಗಳಿಗಿಂತ ಅವನು ಕಲಿಸಿದ ಊರುಗಳು ಹೆಚ್ಚು.

1969ರಲ್ಲಿ ಬಾಸ್ಕೆಟ್‌ಬಾಲಿನ ಕೀರ್ತಿಭವನ ಅವನನ್ನು ಸೇರಿಸಿಕೊಂಡಿತು. ಅದೇ ವರ್ಷದ ಜೂನ್ 23ರಂದು, ಅರವತ್ತೆಂಟು ತುಂಬಲು ಒಂದೇ ದಿನ ಉಳಿದಿರುವಾಗ, ಫ್ಲಾರಿಡಾದಲ್ಲಿ ಹೃದಯಾಘಾತದಿಂದ ತೀರಿಕೊಂಡ. ಆಡಿದಾಸ್ ಕಂಪನಿಯ ಚರ್ಮದ ಷೂ ‘ಸೂಪರ್‌ಸ್ಟಾರ್’ ಬಂದುದೂ ಅದೇ ವರ್ಷ. ಬಟ್ಟೆಯ ಷೂ ಅಂಗಳದಿಂದ ಬೀದಿಗಿಳಿಯಿತು. 1984ರಲ್ಲಿ ಮೈಕೇಲ್ ಜೋರ್ಡನ್ ನೈಕಿಯೊಡನೆ ಒಪ್ಪಂದ ಮಾಡಿಕೊಂಡಾಗ, ಟೇಲರನಿಗೆ ಎಂದೂ ಸಲ್ಲದ ಮಾರಾಟದ ಪಾಲು ಆಟಗಾರನಿಗೆ ಸಂದಿತು. ಕಾನ್ವರ್ಸ್ 2001ರಲ್ಲಿ ದಿವಾಳಿಯಾಗಿ, 2003ರಲ್ಲಿ 30 ಕೋಟಿ 50 ಲಕ್ಷ ಡಾಲರಿಗೆ ಅದೇ ನೈಕಿಯ ಪಾಲಾಯಿತು. ಬಳಿಕ ಜಪಾನಿನ ರೇ ಕವಾಕುಬೋ ಸ್ಥಾಪಿಸಿದ ವಸ್ತ್ರವಿನ್ಯಾಸ ಸಂಸ್ಥೆ ಕಾನ್ವರ್ಸಿನೊಡನೆ ಕೂಡಿ, ಎರಡು ಕಣ್ಣುಳ್ಳ ಕೆಂಪು ಹೃದಯವೊಂದನ್ನು ಷೂವಿನ ಮಗ್ಗುಲಿಗೆ ಬರೆಸಿತು. ಹರಡಿನ ಬಳಿಯ ಪಟ್ಟಿಯಲ್ಲಿ ಟೇಲರನ ಸಹಿ ಇದ್ದ ಹಾಗೆಯೇ ಇತ್ತು.