ರೆಡ್ ಕ್ರಾಸ್ ಕಟ್ಟಿದ ಹೆನ್ರಿ ಡ್ಯುನಾಂಟ್



ರಕ್ತದಾನ ಶಿಬಿರಗಳಲ್ಲಿ ಕಾಣುವ ರೆಡ್ ಕ್ರಾಸ್ ಗುರುತು ನಮಗೆಲ್ಲ ಪರಿಚಿತ. ಅದರ ಹಿಂದಿದ್ದ ಹೆನ್ರಿ ಡ್ಯುನಾಂಟ್ ವೈದ್ಯರಲ್ಲ, ವ್ಯಾಪಾರಿ. 1828ರಲ್ಲಿ ಜಿನೀವಾದಲ್ಲಿ ಹುಟ್ಟಿದ ಇವರು ಅಲ್ಜೀರಿಯಾದಲ್ಲಿ ಬಂಡವಾಳ ಹೂಡಿದ್ದರು. ಅಲ್ಲಿನ ಜಮೀನಿಗೆ ನೀರಿನ ಹಕ್ಕು ಬೇಡಲು, 1859ರಲ್ಲಿ ಫ್ರಾನ್ಸಿನ ದೊರೆ ಮೂರನೇ ನೆಪೋಲಿಯನ್‌ನನ್ನು ಹುಡುಕಿಕೊಂಡು ಇಟಲಿಗೆ ಹೋದರು. (ಕೆಲಸದ ಮೇಲೆ ದೇಶ ಬಿಟ್ಟ ನಮ್ಮ ಹಾಗೆಯೇ!)

ಜೂನ್ 24ರಂದು ಅಲ್ಲಿನ ಸೊಲ್ಫೆರಿನೊದಲ್ಲಿ ಫ್ರೆಂಚರ ಪಕ್ಷಕ್ಕೂ ಆಸ್ಟ್ರಿಯಾಕ್ಕೂ ಘೋರ ಯುದ್ಧ ನಡೆಯಿತು. ಪಕ್ಕದೂರಿನ ಚರ್ಚಿನಲ್ಲಿ ಗಾಯಾಳುಗಳು ಆರೈಕೆಯಿಲ್ಲದೆ ನರಳುತ್ತಿದ್ದರು. ಡ್ಯುನಾಂಟ್ ಬಂದ ಕೆಲಸ ಬಿಟ್ಟು, ಊರಿನ ಹೆಂಗಸರೊಡನೆ ಸೇರಿ, ಯಾವ ಕಡೆಯವರೆಂದು ಕೇಳದೆ ಎಲ್ಲರಿಗೂ ನೀರು ಕೊಟ್ಟರು, ಗಾಯ ತೊಳೆದರು. ಕಂಡದ್ದನ್ನು 1862ರಲ್ಲಿ ಸ್ವಂತ ಖರ್ಚಿನಲ್ಲಿ ಪುಸ್ತಕ ಮಾಡಿ ಯೂರೋಪಿನ ಗಣ್ಯರಿಗೆ ಕಳಿಸಿದರು. ಮರುವರ್ಷ ಐದು ಜನರ ಸಮಿತಿ ಹುಟ್ಟಿತು. 1864ರಲ್ಲಿ 12 ದೇಶಗಳು ಜಿನೀವಾ ಒಪ್ಪಂದಕ್ಕೆ ಸಹಿ ಹಾಕಿದವು. ಗಾಯಗೊಂಡ ಶತ್ರು ಸೈನಿಕನಿಗೂ ಚಿಕಿತ್ಸೆ ಕೊಡುವುದು ಕಾನೂನಾಯಿತು. 1876ರಲ್ಲಿ ಆಟೊಮನ್ ತುರ್ಕರು ಶಿಲುಬೆಯ ಬದಲು ಕೆಂಪು ಅರ್ಧಚಂದ್ರವನ್ನು ಬಳಸತೊಡಗಿದರು. ಗಲ್ಫ್ ಕನ್ನಡಿಗರಿಗೆ ಈ ಗುರುತೇ ಹೆಚ್ಚು ಪರಿಚಿತ.

ಆದರೆ ಡ್ಯುನಾಂಟ್ 1867ರಲ್ಲಿ ದಿವಾಳಿಯಾದರು. ಅವರಿಂದಲೇ ಹುಟ್ಟಿದ ಸಮಿತಿ ಅವರನ್ನು ಹೊರಗಿಟ್ಟಿತು. ಇದು ನ್ಯಾಯವೆಂದು ನನಗನ್ನಿಸುವುದಿಲ್ಲ. ವರ್ಷಗಟ್ಟಲೆ ಬಡತನದಲ್ಲಿ ಅಲೆದು, ಕೊನೆಯ 18 ವರ್ಷಗಳನ್ನು ಸ್ವಿಟ್ಜರ್‌ಲ್ಯಾಂಡಿನ ಹೈಡನ್ ಎಂಬ ಊರಿನ ಆಸ್ಪತ್ರೆಯ ಒಂದು ಕೋಣೆಯಲ್ಲಿ ಕಳೆದರು. 1901ರಲ್ಲಿ ಮೊಟ್ಟಮೊದಲ ನೊಬೆಲ್ ಶಾಂತಿ ಪ್ರಶಸ್ತಿ ಫ್ರೆಡರಿಕ್ ಪಾಸಿ ಮತ್ತು ಇವರಿಗೆ ಸಂದಿತು. ಆ ಹಣವನ್ನು ತಮಗಾಗಿ ಮುಟ್ಟಲಿಲ್ಲ. 1910ರಲ್ಲಿ ತೀರಿಕೊಂಡಾಗ, ಹೈಡನ್ ಆಸ್ಪತ್ರೆಯಲ್ಲಿ ಬಡ ರೋಗಿಗೆಂದು ಒಂದು ಹಾಸಿಗೆಯನ್ನು ಸದಾ ಉಚಿತವಾಗಿಡಲು ಉಯಿಲಿನಲ್ಲಿ ಹಣ ಬರೆದಿಟ್ಟಿದ್ದರು.