ಗೇರುಸೊಪ್ಪೆಯ ರಾಣಿ ಮತ್ತು ಕಡಲಿನ ರಹದಾರಿ

ಚೆನ್ನಭೈರಾದೇವಿಯನ್ನು ಕಾಳುಮೆಣಸಿನ ರಾಣಿ ಎಂದು ಕರೆದು ನಾವು ಸುಮ್ಮನಾಗುತ್ತೇವೆ. ಆ ಬಿರುದು ಕೊಟ್ಟವರು ಆಕೆಯ ಪ್ರಜೆಗಳಲ್ಲ. ಆಕೆಯ ಮೆಣಸನ್ನು ಕೊಳ್ಳುತ್ತ, ಆಕೆಯ ಬಂದರುಗಳ ಮೇಲೆ ದಾಳಿಯನ್ನೂ ನಡೆಸುತ್ತಿದ್ದ ಪೋರ್ಚುಗೀಸರು. ಅರ್ಥಶಾಸ್ತ್ರ ಓದಿ, ವೃತ್ತಿಜೀವನವನ್ನೆಲ್ಲ ಸರ್ಕಾರಿ ಕಡತಗಳ ನಡುವೆ ಕಳೆದ ನನಗೆ ಈ ರಾಣಿಯ ಬದುಕು ಶೌರ್ಯದ ಕಥೆಗಿಂತ ಹೆಚ್ಚಾಗಿ ಒಂದು ಹಕ್ಕಿನ ವ್ಯಾಜ್ಯವಾಗಿ ಕಾಣುತ್ತದೆ. ತನ್ನ ನಾಡಿನ ಮುಂದೆ ಹರಡಿದ ಕಡಲು ಯಾರದು ಎಂಬುದೇ ಆ ವ್ಯಾಜ್ಯ.

ಸಾಳುವ ಮನೆತನದ ಈ ಜೈನ ರಾಣಿ 1552ರಿಂದ 1606ರವರೆಗೆ, ಅಂದರೆ 54 ವರ್ಷ, ನಗಿರೆ ರಾಜ್ಯವನ್ನು ಆಳಿದಳು. ಶರಾವತಿ ದಂಡೆಯ ಗೇರುಸೊಪ್ಪೆ ರಾಜಧಾನಿ. ಘಟ್ಟದ ಮೆಣಸು ಹೊಳೆಯಿಳಿದು ಹೊನ್ನಾವರ ಸೇರುತ್ತಿತ್ತು. ದಕ್ಷಿಣಕ್ಕೆ ಭಟ್ಕಳದ ಬಂದರು, ಉತ್ತರಕ್ಕೆ ಅಘನಾಶಿನಿಯ ಬಳಿ ಆಕೆಯೇ ಕಟ್ಟಿಸಿದಳೆಂದು ಜನ ಹೇಳುವ ಮಿರ್ಜಾನ್ ಕೋಟೆ. ಕುಮಟಾದ ಬಾಡ ಗ್ರಾಮದ ಕಡಲತೀರವೂ ಇದೇ ಸೀಮೆಯಲ್ಲಿದೆ.

ನೆಲ ಆಕೆಯದು, ಸರಕು ಆಕೆಯದು; ಕಡಲಿನ ಮೇಲೆ ಮಾತ್ರ ಹಿಡಿತವಿರಲಿಲ್ಲ. ಹದಿನಾರನೆಯ ಶತಮಾನದ ಆರಂಭದಿಂದಲೇ ಪೋರ್ಚುಗೀಸರು ಅರಬ್ಬೀ ಸಮುದ್ರದಲ್ಲಿ ಕರ್ತಾಜ್ ಎಂಬ ರಹದಾರಿ ಪತ್ರವನ್ನು ಜಾರಿಗೆ ತಂದಿದ್ದರು. ಹಡಗಿನ ನಾಯಕ, ಸರಕು, ತಲುಪಬೇಕಾದ ಬಂದರು ಎಲ್ಲವೂ ಅದರಲ್ಲಿ ನಮೂದಾಗಬೇಕು. ಪತ್ರವಿಲ್ಲದ ಹಡಗು ಸರಕುಸಮೇತ ಜಪ್ತಿ. ಮೆಣಸಿನ ವ್ಯಾಪಾರವಂತೂ ತಮ್ಮ ದೊರೆಯ ಏಕಸ್ವಾಮ್ಯವೆಂದು ಅವರು ಸಾರಿದ್ದರು. ಪರ್ಮಿಟ್ ಯುಗವನ್ನು ಒಳಗಿನಿಂದ ಕಂಡ ನಾನು ಒಂದು ಮಾತು ಹೇಳಲೇಬೇಕು: ಅಪಾಯ ಒಡ್ಡುವವನೇ ರಕ್ಷಣೆಯ ಶುಲ್ಕ ಪಡೆಯುವ ಇಂತಹ ವ್ಯವಸ್ಥೆಯನ್ನು ಆಡಳಿತವೆನ್ನುವುದು ಕಷ್ಟ.

ಕಡಲಿನ ಮೇಲಿನ ಕಾಣದ ಗೆರೆಗಳು ಈ ಕರಾವಳಿಯವರನ್ನು ಇಂದಿಗೂ ಬಿಟ್ಟಿಲ್ಲ. 2018ರಲ್ಲಿ ದುಬೈ ದೋಣಿಗಳಲ್ಲಿ ದುಡಿಯುತ್ತಿದ್ದ ಉತ್ತರ ಕನ್ನಡದ ಮೀನುಗಾರರನ್ನು, ಜಲಗಡಿ ದಾಟಿದ ಆರೋಪದ ಮೇಲೆ ಇರಾನ್ ತಿಂಗಳುಗಟ್ಟಲೆ ತಡೆಹಿಡಿದಿತ್ತು. ಒಂದು ದೇಶದ ವಿಶೇಷ ಆರ್ಥಿಕ ವಲಯದಲ್ಲಿ ಮೀನುಗಾರಿಕೆಯ ನಿಯಮ ಮೀರಿದವರಿಗೆ, ದೇಶಗಳ ನಡುವೆ ಬೇರೆ ಒಪ್ಪಂದವಿಲ್ಲದಿದ್ದಲ್ಲಿ, ಸೆರೆವಾಸ ವಿಧಿಸಕೂಡದೆಂದು 1982ರ ವಿಶ್ವಸಂಸ್ಥೆಯ ಸಮುದ್ರ ಕಾನೂನು ಒಡಂಬಡಿಕೆ ಹೇಳುತ್ತದೆ. ರಾಣಿಯ ಕಾಲದಲ್ಲಿ ಅಷ್ಟು ಮಾತೂ ಕಾಗದದ ಮೇಲಿರಲಿಲ್ಲ.

ಆಕೆ ಪಟ್ಟವೇರುವ ಹತ್ತು ವರ್ಷ ಮೊದಲು, 1542ರಲ್ಲಿ, ಪೋರ್ಚುಗೀಸರು ಭಟ್ಕಳವನ್ನು ಸುಟ್ಟಿದ್ದರು. 1569ರಲ್ಲಿ ವೈಸ್‌ರಾಯ್ ಲೂಯಿಸ್ ದ ಅತಾಯಿದೆ ಹೊನ್ನಾವರವನ್ನು ವಶಪಡಿಸಿಕೊಂಡ. ಹೊಳೆಯ ಬಾಯಿ ಕೈತಪ್ಪಿದರೆ ಗೇರುಸೊಪ್ಪೆಗೆ ಉಸಿರೇ ಇಲ್ಲ. ಮರುವರ್ಷ ಬಿಜಾಪುರದ ಆದಿಲ್‌ಶಾಹಿ ಮತ್ತು ಕಲ್ಲಿಕೋಟೆಯ ಸಾಮೂತಿರಿ ಪೋರ್ಚುಗೀಸರ ಮೇಲೆ ಏಕಕಾಲಕ್ಕೆ ತಿರುಗಿಬಿದ್ದಾಗ ಆಕೆಯೂ ಹೊನ್ನಾವರವನ್ನು ಮುತ್ತಿದಳು. ಮುತ್ತಿಗೆ ಫಲಿಸಲಿಲ್ಲ. ಮುಂದೆ ಆಕೆ ಅದೇ ವೈರಿಗಳಿಗೆ ಮೆಣಸು ಮಾರಿದಳು. ಇದನ್ನು ರಾಜಿಯೆಂದು ಹಳಿಯುವವರಿದ್ದಾರೆ, ನಾನು ಒಪ್ಪಲಾರೆ. ನೌಕಾಬಲದಲ್ಲಿ ಮೇಲುಗೈಯಾದವನ ಎದುರು ಮೆಣಸಲ್ಲದೆ ಆಕೆಗಿದ್ದ ಬೇರೆ ಅಸ್ತ್ರ ಯಾವುದು?

ಅಂತ್ಯ ಬಂದದ್ದು ಕಡಲಿನಿಂದಲ್ಲ. 1606ರಲ್ಲಿ ಕೆಳದಿಯ ಹಿರಿಯ ವೆಂಕಟಪ್ಪ ನಾಯಕ ಆಕೆಯನ್ನು ಸೋಲಿಸಿ ಸೆರೆಹಿಡಿದ. ವೃದ್ಧ ರಾಣಿ ಬಂಧನದಲ್ಲೇ ತೀರಿಕೊಂಡಳು. ಮೂರು ವರ್ಷಗಳ ಬಳಿಕ, 1609ರಲ್ಲಿ, ಡಚ್ ನ್ಯಾಯಶಾಸ್ತ್ರಜ್ಞ ಹ್ಯೂಗೋ ಗ್ರೋಷಿಯಸ್ ಕಡಲು ಯಾರೊಬ್ಬರ ಸ್ವತ್ತೂ ಅಲ್ಲವೆಂದು ವಾದಿಸಿ ಗ್ರಂಥ ಪ್ರಕಟಿಸಿದ. ಆತನ ಗುರಿಯೂ ಪೋರ್ಚುಗೀಸರೇ. ಆದರೆ ಆತನ ವಕಾಲತ್ತು ಡಚ್ ವರ್ತಕರ ಪರವಾಗಿತ್ತು, ಗೇರುಸೊಪ್ಪೆಯಂತಹ ರಾಜ್ಯಗಳ ಪರವಾಗಿ ಅಲ್ಲ.

1623ರಲ್ಲಿ ಪೋರ್ಚುಗೀಸ್ ರಾಯಭಾರಿಯೊಡನೆ ಹೊಳೆಯೇರಿ ಬಂದ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಲ್ಲೆ ಕಂಡದ್ದು ಕುಸಿದ ಅರಮನೆ, ಕಾಡು ಬೆಳೆದ ನಗರ. ಆ ರಾಯಭಾರಿ ಹೊರಟಿದ್ದು ವೆಂಕಟಪ್ಪ ನಾಯಕನ ಬಳಿಗೆ. ಮಾತುಕತೆಯ ಮುಖ್ಯ ವಿಷಯಗಳಲ್ಲಿ ಮೆಣಸೂ ಒಂದು. ಹೊನ್ನಾವರದ ಕೋಟೆಯಿಂದ ಪೋರ್ಚುಗೀಸರನ್ನು 1650ರ ದಶಕದಲ್ಲಿ ಹೊರದಬ್ಬಿದವನು ಅದೇ ಕೆಳದಿಯ ಶಿವಪ್ಪ ನಾಯಕ. ಅಷ್ಟರಲ್ಲಿ ರಾಣಿ ಅಳಿದು ಅರ್ಧ ಶತಮಾನವೇ ಸಂದುಹೋಗುತ್ತ ಬಂದಿತ್ತು.