ನಗೆಯ ಒಡತಿ ಲೂಸಿಲ್ ಬಾಲ್

ಅದೊಂದು ಚಾಕೊಲೇಟ್ ಕಾರ್ಖಾನೆಯ ಕೋಣೆ. ಚಲಿಸುವ ಪಟ್ಟಿಯ ಮೇಲೆ ಒಂದೊಂದಾಗಿ ಬರುವ ಮಿಠಾಯಿಗಳಿಗೆ ಕಾಗದ ಸುತ್ತುವುದು ಅಲ್ಲಿ ನಿಂತ ಇಬ್ಬರು ಹೆಂಗಸರ ಕೆಲಸ. ಒಂದು ಮಿಠಾಯಿ ತಪ್ಪಿಹೋದರೂ ಕೆಲಸ ಹೋದಂತೆಯೇ. ಪಟ್ಟಿಯ ವೇಗ ಹೆಚ್ಚುತ್ತದೆ, ಕೈಗಳು ಸೋಲುತ್ತವೆ. ಸುತ್ತಲಾಗದ ಮಿಠಾಯಿಗಳನ್ನು ಅವರು ಬಾಯಿಗೂ ಟೊಪ್ಪಿಗೆಗೂ ಅಂಗಿಯೊಳಕ್ಕೂ ತುರುಕಿಕೊಳ್ಳುತ್ತಾರೆ. ಆಗ ಬಂದ ಮೇಲ್ವಿಚಾರಕಿ ಪಟ್ಟಿ ಬರಿದಾಗಿರುವುದನ್ನು ಕಂಡು ಮೆಚ್ಚಿ, ಅದನ್ನು ಇನ್ನಷ್ಟು ವೇಗವಾಗಿ ಓಡಿಸಲು ಆಜ್ಞಾಪಿಸುತ್ತಾಳೆ. 1952ರ ಸೆಪ್ಟೆಂಬರಿನಲ್ಲಿ ಅಮೆರಿಕದ ಸಿ.ಬಿ.ಎಸ್. ದೂರದರ್ಶನ ಜಾಲದಲ್ಲಿ ಪ್ರಸಾರವಾದ ಈ ದೃಶ್ಯವನ್ನು ಸವಿಯಲು ಇಂಗ್ಲಿಷ್ ಬರಬೇಕೆಂದಿಲ್ಲ. ಅದರಲ್ಲಿ ಕೆನ್ನೆಯುಬ್ಬಿಸಿ, ಕಣ್ಣರಳಿಸಿ ನಿಂತಾಕೆ ಲೂಸಿಲ್ ಬಾಲ್. ಪರದೆ ಕಪ್ಪು-ಬಿಳುಪಿನದಾಗಿದ್ದರೂ ಆಕೆಯದು ಕೆಂಗೂದಲೆಂಬುದು ನೋಡುವ ಮಂದಿಗೆಲ್ಲ ತಿಳಿದಿತ್ತು.

ಲೂಸಿಲ್ ಹುಟ್ಟಿದ್ದು 1911ರ ಆಗಸ್ಟ್ 6ರಂದು, ನ್ಯೂಯಾರ್ಕ್ ರಾಜ್ಯದ ಜೇಮ್ಸ್‌ಟೌನ್ ಎಂಬ ಊರಿನಲ್ಲಿ. ತಂದೆ ಹೆನ್ರಿ ಬಾಲ್ ದೂರವಾಣಿ ತಂತಿಯೆಳೆಯುವ ಕಾರ್ಮಿಕ. ಮಗಳಿಗೆ ನಾಲ್ಕು ತುಂಬುವ ಮುನ್ನವೇ ಆತ ವಿಷಮಶೀತಜ್ವರಕ್ಕೆ ಬಲಿಯಾದ. ತಾಯಿ ಆಗ ಗರ್ಭಿಣಿ. ಕೆಲವು ತಿಂಗಳುಗಳ ತರುವಾಯ ತಮ್ಮ ಫ್ರೆಡ್ ಹುಟ್ಟಿದ. ಮಕ್ಕಳು ಬೆಳೆದದ್ದು ಸಮೀಪದ ಸೆಲೊರಾನ್‌ನಲ್ಲಿದ್ದ ಅಜ್ಜನ ಮನೆಯಲ್ಲಿ. ಸಮಾಜವಾದದಲ್ಲಿ ನಿಷ್ಠೆಯಿದ್ದ ಆ ಅಜ್ಜ ಮೊಮ್ಮಗಳನ್ನು ಹಾಡು, ಕುಣಿತ, ವಿದೂಷಕರ ಆಟಗಳ ಪ್ರದರ್ಶನಗಳಿಗೆ ಕರೆದೊಯ್ಯುತ್ತಿದ್ದ. 1927ರಲ್ಲಿ ಅವನ ಉಸ್ತುವಾರಿಯಲ್ಲಿ ಮಕ್ಕಳು ಬಂದೂಕಿನಿಂದ ಗುರಿಯಿಡುತ್ತಿದ್ದಾಗ ಗುಂಡು ತಗುಲಿ ನೆರೆಯ ಬಾಲಕನೊಬ್ಬ ಪಾರ್ಶ್ವವಾಯು ಪೀಡಿತನಾದ. ಮೊಕದ್ದಮೆಯಲ್ಲಿ ಅಜ್ಜನ ಮನೆಯೇ ಕೈಬಿಟ್ಟುಹೋಯಿತು. ತನ್ನ ದುಡಿಮೆಯ ಫಲ ತನ್ನ ಹೆಸರಿನಲ್ಲೇ ಇರಬೇಕೆಂದು ಮುಂದೆ ಆಕೆ ಹಿಡಿದ ಹಟದ ಬೇರು ಈ ಪ್ರಸಂಗದಲ್ಲಿದೆಯೆಂದು ನನಗೆ ತೋರುತ್ತದೆ.

ಹದಿವಯಸ್ಸಿನಲ್ಲಿ ನ್ಯೂಯಾರ್ಕ್ ನಗರದ ನಾಟಕಶಾಲೆಯೊಂದನ್ನು ಸೇರಿದಳು. ಮುಂದೆ ಖ್ಯಾತಳಾದ ಬೆಟಿ ಡೇವಿಸ್ ಅಲ್ಲಿನ ಕಣ್ಮಣಿ. ಸಂಕೋಚದ ಮುದ್ದೆಯಾಗಿದ್ದ ಲೂಸಿಲ್‌ಗೆ ನಟನೆ ಒಲಿಯದೆಂದು ನಿರ್ಣಯಿಸಿ ಶಾಲೆ ಆಕೆಯನ್ನು ಮನೆಗೆ ಕಳುಹಿಸಿತು. ಮರಳಿ ಬಂದು ಉಡುಪುಗಳ ಅಂಗಡಿಯಲ್ಲಿ ರೂಪದರ್ಶಿಯಾದಳು. ಕೀಲುಗಳ ಬೇನೆ ಬಂದು ದೀರ್ಘಕಾಲ ಹಾಸಿಗೆ ಹಿಡಿದಳು. ಎದ್ದು ಮತ್ತೆ ನಗರಕ್ಕೆ ಹೋದಳು. 1933ರಲ್ಲಿ ಹಾಲಿವುಡ್ಡಿನ ನರ್ತಕಿಯರ ಗುಂಪೊಂದರಲ್ಲಿ ಸ್ಥಳ ದೊರೆಯಿತು. ಅಲ್ಲಿಂದ ಮುಂದಿನ ಹದಿನೆಂಟು ವರ್ಷಗಳ ಚಿತ್ರಜೀವನವನ್ನು ವಿವರವಾಗಿ ಹೇಳಬೇಕಾದ್ದಿಲ್ಲ. ಆರ್.ಕೆ.ಓ. ಸ್ಟುಡಿಯೋದಲ್ಲೂ ಅನಂತರ ಎಂ.ಜಿ.ಎಂ.ನಲ್ಲೂ ಹತ್ತಾರು ಚಿತ್ರಗಳಲ್ಲಿ ನಟಿಸಿದರೂ ಎರಡನೆಯ ದರ್ಜೆಯ ಚಿತ್ರಗಳ ರಾಣಿಯೆಂಬ ಬಿರುದಿಗಿಂತ ಹೆಚ್ಚಿನದು ದಕ್ಕಲಿಲ್ಲ. ಎಂ.ಜಿ.ಎಂ. ಕೊಟ್ಟ ಉಡುಗೊರೆಗಳು ಎರಡು. ಒಂದು ಕೂದಲಿನ ಕೆಂಬಣ್ಣ. ಇನ್ನೊಂದು ಬಸ್ಟರ್ ಕೀಟನ್ನನ ಸಹವಾಸ. ಮೂಕಚಿತ್ರಗಳ ಆ ಮಹಾವಿದೂಷಕ ಆಗ ಕೀರ್ತಿ ಕಳೆದುಕೊಂಡು ಅಲ್ಲಿ ಹಾಸ್ಯಸನ್ನಿವೇಶಗಳ ಸಲಹೆಗಾರನಾಗಿದ್ದ. ವಸ್ತುಗಳೊಡನೆ ಹೇಗೆ ಆಡಬೇಕು, ಪೆಟ್ಟು ತಗುಲದಂತೆ ಹೇಗೆ ಬೀಳಬೇಕು ಎಂಬ ವಿದ್ಯೆಯನ್ನು ಆಕೆಗೆ ಕಲಿಸಿದವನು ಆತನೇ.

1940ರಲ್ಲಿ ಚಿತ್ರವೊಂದರ ನಿಮಿತ್ತ ಪರಿಚಯನಾದ, ಕ್ಯೂಬಾ ಮೂಲದ ಗಾಯಕ ಡೆಸಿ ಅರ್ನಾಜ್‌ನನ್ನು ಅದೇ ವರ್ಷದ ನವೆಂಬರಿನಲ್ಲಿ ವರಿಸಿದಳು. ಆತ ತನಗಿಂತ ಆರು ವರ್ಷ ಕಿರಿಯ, ವಾದ್ಯವೃಂದದೊಡನೆ ಸದಾ ಊರೂರು ಸುತ್ತುವವನು. 1948ರಲ್ಲಿ ಲೂಸಿಲ್ ಸಿ.ಬಿ.ಎಸ್. ಬಾನುಲಿಯ ಹಾಸ್ಯಸರಣಿಯೊಂದರಲ್ಲಿ ಗೃಹಿಣಿಯ ಪಾತ್ರವಹಿಸಿ ಗೆದ್ದಾಗ, ಅದನ್ನು ದೂರದರ್ಶನಕ್ಕೆ ತರುವ ಆಲೋಚನೆ ಸಂಸ್ಥೆಗೆ ಬಂತು. ಆಕೆ ಒಂದು ಷರತ್ತು ಒಡ್ಡಿದಳು: ಗಂಡನ ಪಾತ್ರ ಡೆಸಿಗೇ ಸಲ್ಲಬೇಕು. ವಿದೇಶೀ ಉಚ್ಚಾರದ ಕ್ಯೂಬನ್ನನನ್ನು ಅಮೆರಿಕದ ಹೆಣ್ಣಿನ ಗಂಡನೆಂದು ಜನ ಒಪ್ಪಲಾರರೆಂದು ಸಂಸ್ಥೆ ಹಿಂಜರಿಯಿತು. ವಾಸ್ತವದಲ್ಲಿ ಹತ್ತು ವರ್ಷಗಳಿಂದ ಆತ ಆಕೆಯ ಗಂಡನೇ ಆಗಿದ್ದ! ದಂಪತಿಗಳು ವಾದಕ್ಕೆ ನಿಲ್ಲಲಿಲ್ಲ. 1950ರಲ್ಲಿ ಇಬ್ಬರೂ ಕೂಡಿ ರಂಗಪ್ರದರ್ಶನವೊಂದನ್ನು ಕಟ್ಟಿ, ಪ್ರೇಕ್ಷಕರ ಮುಂದೆ ಆಡಿ ತೋರಿಸಿದರು. ತಮ್ಮಿಬ್ಬರ ಹೆಸರುಗಳನ್ನು ಬೆಸೆದು ಡೆಸಿಲು ಎಂಬ ಸಂಸ್ಥೆಯನ್ನೂ ಸ್ಥಾಪಿಸಿದರು.

ಆ ದಿನಗಳಲ್ಲಿ ಹಾಸ್ಯಕಾರ್ಯಕ್ರಮಗಳು ನ್ಯೂಯಾರ್ಕಿನಿಂದ ನೇರ ಪ್ರಸಾರವಾಗುತ್ತಿದ್ದವು. ದೂರದ ಪ್ರಾಂತಗಳಿಗೆ ಪರದೆಯಿಂದ ತೆಗೆದ ಮಸುಕು ಪ್ರತಿಯೇ ಗತಿ. ದಂಪತಿಗಳು ಹಾಲಿವುಡ್ ಬಿಟ್ಟು ಕದಲಲೊಪ್ಪದೆ, ಚಿತ್ರಸುರುಳಿಯಲ್ಲೇ ಸೆರೆಹಿಡಿಯುವ ಮಾರ್ಗ ಹಿಡಿದರು. ವೆಚ್ಚ ಹೆಚ್ಚಿದಾಗ ವಾರಕ್ಕೆ ಒಂದು ಸಾವಿರ ಡಾಲರ್ ಸಂಬಳ ಬಿಟ್ಟುಕೊಟ್ಟು, ಬದಲಿಗೆ ಕಂತುಗಳ ಒಡೆತನವನ್ನು ಪಡೆದರು. ಒಮ್ಮೆ ತೋರಿಸಿ ಮುಗಿದ ಕಾರ್ಯಕ್ರಮಕ್ಕೆ ಮುಂದೆ ಬೆಲೆಯುಂಟೆಂದು ಹೆಚ್ಚಿನವರು ಎಣಿಸದ ಕಾಲವದು. ಚಿತ್ರೀಕರಣಕ್ಕೆ ಬಂದವನು ಜರ್ಮನಿಯಲ್ಲಿ ಮೆಟ್ರೊಪೊಲಿಸ್ ಚಿತ್ರಕ್ಕೆ ಕ್ಯಾಮೆರಾ ಹಿಡಿದಿದ್ದ ಕಾರ್ಲ್ ಫ್ರಾಯಿಂಡ್. ಸುಮಾರು ಮುನ್ನೂರು ಪ್ರೇಕ್ಷಕರನ್ನು ಎದುರಿಗೆ ಕೂರಿಸಿ, ಮೂರು ಕ್ಯಾಮೆರಾಗಳನ್ನು ಏಕಕಾಲಕ್ಕೆ ಓಡಿಸಿ, ನಾಟಕವನ್ನು ಆಡಿಸಿದಂತೆ ಆಡಿಸಿ ಚಿತ್ರಿಸುವ ವ್ಯವಸ್ಥೆಯನ್ನು ಆತ ರೂಪಿಸಿದ. ಮುಂದೆ ಹಾಸ್ಯಧಾರಾವಾಹಿಗಳ ರಾಜಮಾರ್ಗವಾದದ್ದು ಇದೇ ಪದ್ಧತಿ. ‘ಐ ಲವ್ ಲೂಸಿ’ 1951ರ ಅಕ್ಟೋಬರ್ 15ರಂದು ಆರಂಭವಾದಾಗ ಲೂಸಿಲ್‌ಗೆ ವಯಸ್ಸು ನಲವತ್ತು. ಚೊಚ್ಚಲ ಮಗಳಿಗೆ ಮೂರು ತಿಂಗಳು.

ಕಥೆಯ ಲೂಸಿ ವಾದ್ಯವೃಂದದ ನಾಯಕನೊಬ್ಬನ ಹೆಂಡತಿ. ಗಂಡನ ರಂಗವನ್ನೇರಬೇಕೆಂಬುದೊಂದೇ ಅವಳ ಆಸೆ. ಹೆಂಡತಿ ಮನೆಯಲ್ಲಿರಬೇಕೆಂಬುದು ಗಂಡನ ಹಟ. ಪ್ರತಿವಾರವೂ ಹೂಟ, ಪ್ರತಿವಾರವೂ ಸೋಲು. ನೆರೆಮನೆಯ ದಂಪತಿಗಳಾಗಿ ವಿವಿಯನ್ ವ್ಯಾನ್ಸ್ ಮತ್ತು ವಿಲಿಯಂ ಫ್ರಾಲಿ ಜತೆಗೂಡಿದರು. ಕಥೆ ಹೆಣೆದವರು ಜೆಸ್ ಆಪನ್‌ಹೈಮರ್, ಮ್ಯಾಡೆಲಿನ್ ಪ್ಯೂ, ಬಾಬ್ ಕ್ಯಾರೊಲ್. ತೆರೆಯ ಆಚೆ ಲೂಸಿಲ್ ಮಾತಿನ ಚಟಾಕಿಗೆ ಹೆಸರಾದವಳಲ್ಲ. ಗಂಭೀರೆ, ಕೆಲಸದಲ್ಲಿ ಕಟ್ಟುನಿಟ್ಟು. ನಮ್ಮ ಯಕ್ಷಗಾನದಲ್ಲಿ ಹಾಸ್ಯಗಾರನಿಗೆ ಎಲ್ಲ ವೇಷಗಳ ನಡೆಯೂ ತಿಳಿದಿರಬೇಕೆನ್ನುತ್ತಾರೆ. ಆಕೆಯ ಸಾಧನೆಯೂ ಆ ಜಾತಿಯದೇ. ಪ್ರೇಕ್ಷಕನಿಗೆ ಆಕಸ್ಮಿಕವೆನಿಸುವ ಪ್ರತಿಯೊಂದು ಎಡವಟ್ಟೂ ವಾರವಿಡೀ ತಾಲೀಮಿನಲ್ಲಿ ಅಳೆದು ಸುರಿದದ್ದು. ಮದ್ಯ ಬೆರೆತ ಔಷಧದ ಜಾಹೀರಾತನ್ನು ಮತ್ತೆ ಮತ್ತೆ ಒಪ್ಪಿಸುತ್ತ ಅಮಲೇರುವ ದೃಶ್ಯದಲ್ಲಿ ಆಕೆಯ ನಾಲಗೆ ಒಂದೊಂದು ಸಲವೂ ಒಂದೊಂದು ಅಳತೆಯಷ್ಟೇ ತೊದಲುತ್ತದೆ. ದ್ರಾಕ್ಷಿ ತುಳಿಯುವ ತೊಟ್ಟಿಯಲ್ಲಿ ಮತ್ತೊಬ್ಬಳೊಡನೆ ಹೊರಳಾಡುವಾಗಲೂ ದೇಹ ಸ್ವಾಧೀನ ತಪ್ಪುವುದಿಲ್ಲ. ಚೆಲುವೆಯೊಬ್ಬಳು ಚೆಲುವಿನ ಹಂಗು ತೊರೆದು ಮುಖಕ್ಕೆ ಮಸಿ ಬಳಿದುಕೊಂಡು ನಗಿಸುವುದು ಅಂದಿನ ಚಿತ್ರಲೋಕದಲ್ಲಿ ಅಪರೂಪವೇ ಆಗಿತ್ತು.

1952ರಲ್ಲಿ ಆಕೆ ಮತ್ತೆ ಗರ್ಭಿಣಿಯಾದಳು. ಧಾರಾವಾಹಿಯನ್ನು ನಿಲ್ಲಿಸುವ ಬದಲು ಕಥೆಯ ಲೂಸಿಯನ್ನೂ ಗರ್ಭಿಣಿಯಾಗಿಸಲು ದಂಪತಿಗಳು ನಿಶ್ಚಯಿಸಿದರು. ಗರ್ಭಿಣಿ ಎಂಬ ಪದವೇ ಪ್ರಸಾರಕ್ಕೆ ಅಯೋಗ್ಯವೆಂದು ಸಂಸ್ಥೆ ಅದನ್ನು ನಿಷೇಧಿಸಿತು. ಕ್ಯಾಥೊಲಿಕ್, ಪ್ರಾಟೆಸ್ಟಂಟ್, ಯೆಹೂದಿ ಧರ್ಮಗುರುಗಳು ಕಥಾಪ್ರತಿಗಳನ್ನು ಪರಿಶೀಲಿಸಿ, ಆಕ್ಷೇಪವಿಲ್ಲವೆಂದರು. 1953ರ ಜನವರಿ 19ರಂದು ಬೆಳಗ್ಗೆ ಲೂಸಿಲ್ ಶಸ್ತ್ರಚಿಕಿತ್ಸೆಯಿಂದ ಗಂಡುಮಗುವನ್ನು ಹೆತ್ತಳು. ಅಂದು ರಾತ್ರಿ ಪರದೆಯ ಲೂಸಿಯೂ ಗಂಡುಮಗುವಿನ ತಾಯಿಯಾದಳು. ಆ ಕಂತನ್ನು ನೋಡಿದವರು ಸುಮಾರು 4 ಕೋಟಿ 40 ಲಕ್ಷ ಮಂದಿ. ಮರುದಿನ ಅಧ್ಯಕ್ಷ ಐಸೆನ್‌ಹೋವರ್ ಅಧಿಕಾರ ಸ್ವೀಕರಿಸಿದ್ದನ್ನು ಕಂಡವರು ಸುಮಾರು 2 ಕೋಟಿ 90 ಲಕ್ಷ.

ಅದೇ ವರ್ಷದ ಸೆಪ್ಟೆಂಬರಿನಲ್ಲಿ ಎಲ್ಲವೂ ಮುಳುಗುವ ಸಂದರ್ಭ ಬಂದಿತ್ತು. 1936ರಲ್ಲಿ ಆಕೆ ಕಮ್ಯುನಿಸ್ಟ್ ಮತದಾರಳೆಂದು ಹೆಸರು ನೋಂದಾಯಿಸಿದ್ದ ಸಂಗತಿ ಬಯಲಾಯಿತು. ಅಂಥ ಆರೋಪದಿಂದ ಅನೇಕ ಕಲಾವಿದರ ಜೀವನವೇ ಮಣ್ಣುಗೂಡುತ್ತಿದ್ದ ಕಾಲ. ಅಜ್ಜನ ಮನಸ್ಸು ನೋಯಿಸಲಾರದೆ ಹಾಗೆ ಮಾಡಿದೆನೆಂದು ಆಕೆ ವಿಚಾರಣಾ ಸಮಿತಿಯ ಮುಂದೆ ಹೇಳಿಕೆ ಕೊಟ್ಟಳು. ಸುದ್ದಿ ಹಬ್ಬಿದ ದಿನ ಚಿತ್ರೀಕರಣಕ್ಕೆ ಮುನ್ನ ಡೆಸಿ ಪ್ರೇಕ್ಷಕರೆದುರು ನಿಂತು ಹೆಂಡತಿಯ ಪರವಾಗಿ ಮಾತನಾಡಿದ. ಜನ ಎದ್ದುನಿಂತು ಚಪ್ಪಾಳೆ ತಟ್ಟಿದರು. ಗಂಡಾಂತರ ಕಳೆಯಿತು. ಆದರೆ ಅದೇ ಕಾಲದಲ್ಲಿ ಇಷ್ಟು ಪ್ರೇಕ್ಷಕರ ಬಲವಿಲ್ಲದ ಎಷ್ಟೋ ಮಂದಿ ನೆಲೆಗೆಟ್ಟರೆಂಬುದನ್ನು ಮರೆಯಲಾಗದು.

ಆರು ವರ್ಷಗಳ ಪೈಕಿ ನಾಲ್ಕರಲ್ಲಿ ಅಗ್ರಸ್ಥಾನದಲ್ಲಿದ್ದ ಧಾರಾವಾಹಿ 1957ರ ಮೇ ತಿಂಗಳಲ್ಲಿ ಮುಗಿಯಿತು. ಕಂತುಗಳ ಒಡೆತನವನ್ನು ದಂಪತಿಗಳು ಸಿ.ಬಿ.ಎಸ್.ಗೇ ಮಾರಿದರು. ಅದೇ ವರ್ಷ ಡೆಸಿಲು ಸುಮಾರು 60 ಲಕ್ಷ ಡಾಲರಿಗೆ ಆರ್.ಕೆ.ಓ. ಸ್ಟುಡಿಯೋವನ್ನು ಕೊಂಡುಕೊಂಡಿತು. ಹಿಂದೆ ಸಣ್ಣಪುಟ್ಟ ಪಾತ್ರಗಳಿಗಾಗಿ ಕಾದು ನಿಂತಿದ್ದ ಅಂಗಳಕ್ಕೆ ಲೂಸಿಲ್ ಒಡತಿಯಾದಳು. ಮನೆಯೊಳಗೆ ಮಾತ್ರ ಡೆಸಿಯ ಕುಡಿತ ಮತ್ತು ಪರಸ್ತ್ರೀಸಂಗದಿಂದ ದಾಂಪತ್ಯ ಒಡೆದಿತ್ತು. 1960ರ ಮಾರ್ಚಿಯಲ್ಲಿ ಇಬ್ಬರೂ ಕೂಡಿ ನಟಿಸಿದ ಕಡೆಯ ಕಂತು ಗಂಡಹೆಂಡಿರ ಚುಂಬನದಲ್ಲಿ ಮುಗಿಯುತ್ತದೆ. ಅದರ ಮರುದಿನವೇ ಆಕೆ ವಿಚ್ಛೇದನಕ್ಕೆ ಅರ್ಜಿ ಸಲ್ಲಿಸಿದಳು. ಆ ಕಂತನ್ನು ಇಂದು ನೋಡುವವನಿಗೆ ನಗು ಅಷ್ಟು ಸುಲಭವಾಗಿ ಬಾರದು.

1961ರಲ್ಲಿ ಹಾಸ್ಯನಟ ಗ್ಯಾರಿ ಮಾರ್ಟನ್‌ನನ್ನು ವಿವಾಹವಾದಳು. ಮರುವರ್ಷ ಡೆಸಿಯ ಪಾಲನ್ನು ಕೊಂಡು ಡೆಸಿಲುವಿನ ಅಧ್ಯಕ್ಷೆಯಾದಳು. ಅಂಥ ದೊಡ್ಡ ದೂರದರ್ಶನ ಸ್ಟುಡಿಯೋವೊಂದರ ಚುಕ್ಕಾಣಿ ಹಿಡಿದ ಮೊದಲ ಮಹಿಳೆ ಆಕೆ. ಹಗಲು ಆಡಳಿತ ಮಂಡಳಿಯ ಸಭೆ, ಬಳಿಕ ಏಣಿಯಿಂದ ಜಾರಿ ಬೀಳುವ ನಟನೆ. ವೆಚ್ಚಕ್ಕೆ ಅಂಜಿದ ಮಂಡಳಿಯ ಮಾತನ್ನು ಮೀರಿ ಆಕೆ ಬೆಂಬಲಿಸಿದ ಬಾಹ್ಯಾಕಾಶದ ಕಥಾಸರಣಿಯೇ 1966ರಲ್ಲಿ ತೆರೆಕಂಡ ‘ಸ್ಟಾರ್ ಟ್ರೆಕ್’. 1967ರಲ್ಲಿ ಸಂಸ್ಥೆಯನ್ನು 1 ಕೋಟಿ 70 ಲಕ್ಷ ಡಾಲರಿಗೆ ಮಾರಿದಳು.

ಹೊಸ ಹೆಸರುಗಳಲ್ಲಿ ಲೂಸಿಯ ಕಥೆ 1974ರವರೆಗೂ ನಡೆಯಿತು, ಮೊದಲಿನ ಕಸುವಿಲ್ಲದೆ. 1986ರಲ್ಲಿ, ಎಪ್ಪತ್ತೈದರ ವಯಸ್ಸಿನಲ್ಲಿ, ಮತ್ತೆ ಆರಂಭಿಸಿದ ಸರಣಿಯನ್ನು ಎರಡು ತಿಂಗಳೊಳಗೆ ನಿಲ್ಲಿಸಲಾಯಿತು. ಬೀಳುವ ಆಟವಾಡುವ ವೃದ್ಧೆಗೆ ಪೆಟ್ಟಾದೀತೆಂದು ಅಂಜುವ ಪ್ರೇಕ್ಷಕ ನಗುವುದಾದರೂ ಹೇಗೆ? ಆ ವರ್ಷದ ಡಿಸೆಂಬರಿನಲ್ಲೇ ಡೆಸಿ ತೀರಿಕೊಂಡ. 1989ರ ಏಪ್ರಿಲ್ 26ರಂದು ಲಾಸ್ ಏಂಜಲಿಸ್‌ನಲ್ಲಿ, ಮಹಾಪಧಮನಿಯ ಶಸ್ತ್ರಚಿಕಿತ್ಸೆಯಾದ ಒಂದು ವಾರದ ಬಳಿಕ ಲೂಸಿಲ್ ನಿಧನಳಾದಳು. ಹಲವು ವರ್ಷಗಳ ತರುವಾಯ ಮಕ್ಕಳು ಆಕೆಯ ಅಸ್ಥಿಯನ್ನು ಜೇಮ್ಸ್‌ಟೌನಿಗೆ ತಂದು ಮನೆತನದವರ ಸಮಾಧಿಗಳ ನಡುವೆ ಇರಿಸಿದರು.